ಬೆಳ್ಳಗಾದ ಸ್ಪಂಜು

ರೀ,

ಮೀನಿನ ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ಸೋಪು ಹಾಕಿ ತಿಕ್ಕಿ ತೊಳೆದಿದ್ದೀರಲ್ಲ, ನಿಮಗೆ ಏನು ಹೇಳಲಿ? ಅದಕ್ಕೆ ಅಂಟಿದ್ದ ಕಂದು ಲೋಳೆ ಕೊಳೆ ಅಲ್ಲ ರೀ! ಮೀನಿನ ಗಲೀಜು ವಿಷವಾಗದಂತೆ ನೋಡಿಕೊಳ್ಳೋ ಸೂಕ್ಷ್ಮಜೀವಿಗಳು. ಒಂದೂ ಮೀನಿಲ್ಲದ ನೀರಿಗೆ ದಿನಾ ಚಿಟಿಕೆ ಮೀನಿನ ಆಹಾರ ಉದುರಿಸಿ ತಿಂಗಳುಗಟ್ಟಲೆ ಸಾಕಿದ್ದೆ. ನೀವು ಒಂದೇ ಏಟಿಗೆ ಎಲ್ಲವನ್ನೂ ಚರಂಡಿಗೆ ಕಳಿಸಿದಿರಿ. ಲಾಂಡ್ರಿ ಇಟ್ಟವರಿಗೆ ಕಂಡದ್ದೆಲ್ಲ ಕಲೆಯೇ!

ಇವತ್ತು ಸಂಜೆ ಮೀನು ಬರುತ್ತೆ ಅಂತ ಮಗಳು ಕುಣೀತಿದ್ದಾಳೆ. ಬರಲ್ಲ ಅಂತ ನೀವೇ ಹೇಳಿ, ನನ್ನ ಕೈಲಾಗಲ್ಲ. ಅವಳು ಅತ್ತಳು ಅಂತ ಕರಗಿಹೋಗಿ ಮೀನು ತಂದು ಬಿಟ್ಟೀರಿ, ಹುಷಾರ್! ತಮ್ಮ ಗಲೀಜಿಗೆ ತಾವೇ ಸಾಯುತ್ತವೆ ಪಾಪ.

ಮೇಲಿನ ಮನೆ ಅಜ್ಜಿಯ ಕೈಕಾಲು ಹಿಡಿದು, ಅವರ ತೊಟ್ಟಿಯ ಹಳೇ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ತಂದು, ಅದರಲ್ಲಿರೋ ಜೀವಿಗಳು ನಿಧಾನವಾಗಿ ಹಬ್ಬಲಿ ಅಂತ ನಮ್ಮ ಫಿಲ್ಟರಿಗೆ ಹಾಕಿದ್ದೀನಿ. ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳಿ. ಅದನ್ನೇನಾದರೂ ಮುಟ್ಟಿದಿರೋ, ನೋಡಿ ಮತ್ತೆ!

ತಿಕ್ಕಲೇಬೇಕು ಅಂತ ಕೈ ತುರಿಸಿದರೆ, ಹೋದ ವಾರ ಕೊಟ್ಟ ನನ್ನ ಆಸ್ಪತ್ರೆ ಕೋಟು ಇನ್ನೂ ನಿಮ್ಮ ಅಂಗಡಿ ಮೂಲೆಯಲ್ಲಿ ಬಿದ್ದಿದೆ. ಇರೋ ಇನ್ನೊಂದನ್ನೇ ಹಾಕಿಕೊಂಡು, ಔಷಧಿ ಕಲೆ ಕಾಣದ ಹಾಗೆ ಬ್ಯಾಗು ಅಡ್ಡ ಹಿಡಿದು ಕೆಲಸಕ್ಕೆ ಹೊರಟಿದ್ದೀನಿ,

ಲಾಂಡ್ರಿಯವರ ಹೆಂಡತಿ.