ಅಪ್ಪನ ಕಾರಿಗೆ ಜೋರು ಸೈಲೆನ್ಸರ್

ಅಪ್ಪಾ,

ಹೇಗಿದ್ದೀರಿ ಎಂದೇ ಕೈ ಬರೆಯಲು ಹೊರಟಿತ್ತು, ತಡೆದುಕೊಂಡೆ. ನೀವು ಹೋಗಿ ನಾಲ್ಕು ವರ್ಷವಾಯಿತು. ಈ ಸೋಮವಾರ ನಾನೊಂದು ಕಡೆ ಹೋಗಬೇಕಿದೆ, ಅದನ್ನು ನೆನೆದರೆ ಭಯವಾಗುತ್ತದೆ. ಹೆದರಿಕೆಯಾದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಒಂದೇ ಚಿತ್ರ, ಕಾರಿನಡಿಯಿಂದ ಹೊರಗೆ ಚಾಚಿಕೊಂಡಿದ್ದ ನಿಮ್ಮ ಎರಡು ಪಾದ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಶಿವಾಜಿನಗರದ ಗುಜರಿ ಬೀದಿಯಲ್ಲಿ ನೀವು ಆ ಸೈಲೆನ್ಸರನ್ನು ಮಗುವಿನ ಹಾಗೆ ಎತ್ತಿ ಹಿಡಿದಿದ್ದು ನೆನಪಿದೆಯೇ? ತೊಂಬತ್ತೊಂಬತ್ತರ ಬೇಸಿಗೆ ಅದು. ನೀವು ಫ್ಯಾಕ್ಟರಿಯಿಂದ ಆಗಷ್ಟೇ ನಿವೃತ್ತರಾಗಿದ್ದಿರಿ, ನಾನು ಇಂದಿರಾನಗರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ನಮ್ಮ ಕಾರಿನ ಸೈಲೆನ್ಸರಿಗೆ ಏನೂ ಆಗಿರಲಿಲ್ಲ. ಆದರೂ ನಿಮಗೆ ಬೇಕಾದದ್ದು ಕಾಲೇಜು ಹುಡುಗರು ಹಾಕಿಸಿಕೊಳ್ಳುವಂಥ, ಬೀದಿಯೆಲ್ಲ ಗುಡುಗುಡು ಎನ್ನಿಸುವ ದಪ್ಪ ಬಾಯಿಯದು. ಅಂಗಡಿಯ ಸಾಹೇಬರು ನಿಮ್ಮ ನರೆತ ತಲೆಯನ್ನೂ ಇಸ್ತ್ರಿ ಹಾಕಿದ ಶರ್ಟನ್ನೂ ನೋಡಿ ನನ್ನ ಕಡೆ ತಿರುಗಿದರು. "ಬೇಟಿ, ಇದು ಬಹುತ್ ಆವಾಜ್ ಮಾಡ್ತದೆ. ಅಬ್ಬಾಗೆ ಗೊತ್ತಿದೆ ತಾನೇ?" ನೀವು ಅದಕ್ಕೆ ಉತ್ತರವನ್ನೇ ಕೊಡದೆ "ಇದೇ ಇರಲಿ, ಕಟ್ಟಿಕೊಡಿ" ಅಂದಿರಿ. ಗ್ಯಾರೇಜಿನಲ್ಲಿ ಹಾಕಿಸೋಣ ಎಂದು ನಾನು ದಾರಿಯಲ್ಲಿ ಹೇಳಿದಾಗ, "ಬೇಡ ಪುಟ್ಟಿ. ಯಾಕೆ, ಏನು ಅಂತ ತಲೆ ತಿಂತಾನೆ. ಮನೇಲೇ ಹಾಕ್ಕೊಳ್ಳೋಣ," ಅಂದಿರಿ. ನನಗೂ ಅದೇ ಪ್ರಶ್ನೆ ಇತ್ತಲ್ಲ. ಯಾಕೆ, ಏನು?

ಅಮ್ಮ ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ಹೋದ ಭಾನುವಾರವನ್ನೇ ಕಾದು ನೀವು ಕೆಲಸಕ್ಕಿಳಿದಿರಿ. ನಮ್ಮ ದೊಮ್ಮಲೂರಿನ ಮನೆಯ ಕಾಂಪೌಂಡಿನಲ್ಲಿ ಅರ್ಧ ಸಿಮೆಂಟು, ಅರ್ಧ ಮಣ್ಣು. ನೆರಳಿದೆಯೆಂದು ಮಣ್ಣಿನ ಕಡೆಗೇ ಕಾರು ನಿಲ್ಲಿಸಿದಿರಿ. ಜಾಕಿನಡಿಗೆ ಹಳೆಯ ಮಣೆ ಕೊಟ್ಟು ಹಿಂಭಾಗ ಎತ್ತಿದಿರಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಸುರಿದು, ಚಾಪೆ ಹಾಸಿಕೊಂಡು, ಅಂಗಾತ ಒಳಗೆ ಜಾರಿದಿರಿ. ಸ್ಪ್ಯಾನರ್ ಕೊಡುವುದು ನನ್ನ ಕೆಲಸ. ಒಂದು ಬೋಲ್ಟು ಹಟ ಹಿಡಿದಿತ್ತು. ನೀವು ಅದನ್ನು ಜಗ್ಗಿದಾಗಲೆಲ್ಲ ಕಾರು ಮೆಲ್ಲಗೆ ಅಲುಗುತ್ತಿತ್ತು. ಆಮೇಲೆ ಮಣೆ ಲಟಕ್ಕೆಂದಿತು.

ಜಾಕು ವಾಲಿದ್ದನ್ನು ನಾನು ನೋಡಿದೆ. "ಅಪ್ಪಾ, ಹೊರಗೆ ಬನ್ನಿ" ಎಂದು ಕೂಗಿದೆ. ಒಳಗಿನಿಂದ ಸ್ಪ್ಯಾನರಿನ ಟಕಟಕ, ಜೊತೆಗೆ ನೀವು ಗುನುಗುತ್ತಿದ್ದ ಯಾವುದೋ ರಾಗ. ಮತ್ತೆ ಕೂಗಿದೆ. ಎದುರುಮನೆಯ ಅಂಕಲ್ ಪೇಪರ್ ಹಿಡಿದುಕೊಂಡೇ ಗೇಟಿನ ತನಕ ಓಡಿ ಬಂದರು. ರಸ್ತೆಯಾಚೆಗೆ ಕೇಳಿಸಿದ್ದು ಎರಡು ಅಡಿ ದೂರದಲ್ಲಿದ್ದ ನಿಮಗೆ... ನೀವು ಇನ್ನೂ ಗುನುಗುತ್ತಲೇ ಇದ್ದಿರಿ. ನಿಮ್ಮ ಎರಡೂ ಕಾಲು ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಚಾಪೆಸಮೇತ ಎಳೆದೆ. ನಿಮ್ಮ ತಲೆ ಹೊರಗೆ ಬಂತೋ ಇಲ್ಲವೋ, ಕಾರು ಧಪ್ಪನೆ ಕುಳಿತಿತು. ನಿಮ್ಮ ಎದೆ ಇದ್ದ ಕಡೆ ಒಂದು ಗೇಣೂ ಸಂದು ಉಳಿದಿರಲಿಲ್ಲ.

"ಏನೇ ಇದು, ಹೆಣ ಎಳೆದಂಗೆ ಎಳೀತೀಯ?" ಎಂದು ಗದರಿಸಿ ಎದ್ದು ಕೂತವರು ಹಿಂದೆ ತಿರುಗಿ ಕಾರನ್ನು ನೋಡಿದಿರಿ. 

"ಎಷ್ಟು ಕೂಗಿದೆ ಅಪ್ಪ. ಕೇಳಿಸ್ಲಿಲ್ವಾ?"

ನೀವು ನನ್ನ ಕಣ್ಣನ್ನಲ್ಲ, ತುಟಿಗಳನ್ನು ನೋಡುತ್ತಿದ್ದಿರಿ. ಏನೂ ಆಗಿಲ್ಲವೆಂದು ಕೈ ಆಡಿಸಿ ಅಂಕಲ್ಲನ್ನು ಕಳಿಸಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಿರಿ. "ಫ್ಯಾಕ್ಟರೀಲಿ ಪ್ರೆಸ್ ಮಿಷಿನ್ ಪಕ್ಕ ಇಷ್ಟು ವರ್ಷ ನಿಂತೆನಲ್ಲ, ಕಿವಿ ಹೋಗ್ತಾ ಇದೆ. ಇಂಜಿನ್ ಸದ್ದೇ ಕೇಳಿಸಲ್ಲ ಪುಟ್ಟಿ. ಗೇರ್ ಯಾವಾಗ ಬದಲಾಯಿಸ್ಬೇಕು ಗೊತ್ತಾಗಲ್ಲ. ಸಿಗ್ನಲ್ಲಲ್ಲಿ ಗಾಡಿ ಆಫ್ ಆಗಿರತ್ತೆ, ನಾನು ಸುಮ್ನೆ ಕೂತಿರ್ತೀನಿ. ಸೈಲೆನ್ಸರ್ ಜೋರಾಗಿದ್ರೆ ಸ್ವಲ್ಪನಾದ್ರೂ..." ಸೀಮೆಎಣ್ಣೆಯ ಕೈಯನ್ನು ಚಾಪೆಗೆ ಒರೆಸಿಕೊಂಡು, "ಅಮ್ಮಂಗೆ ಹೇಳ್ಬೇಡ. ಗಾಬರಿ ಬೀಳ್ತಾಳೆ," ಅಂದಿರಿ. ನಾನು ಆಗಲಿ ಅಂದೆ.

ಅದೇ ಮಧ್ಯಾಹ್ನ ಕಾರನ್ನು ಸಿಮೆಂಟಿನ ಮೇಲೆ ತಳ್ಳಿ, ಜಾಕಿನ ಜೊತೆಗೆ ಎರಡೂ ಬದಿಗೆ ಕಲ್ಲಿನ ದಿಮ್ಮಿ ಕೊಟ್ಟೆವು. ಈ ಸಲ ಅಡಿಗೆ ಹೋದದ್ದು ನಾನು. ತುಕ್ಕಿನ ಪುಡಿ ಕಣ್ಣಿಗೆ ಉದುರುತ್ತಿತ್ತು, ತಲೆಯ ಮೇಲಿನ ಕಬ್ಬಿಣ ಯಾವ ಗಳಿಗೆಯಲ್ಲಿ ಬೀಳುವುದೋ ಎಂದು ನನ್ನ ಕಣ್ಣು ಪದೇಪದೇ ಜಾಕಿನ ಕಡೆಗೇ ಹೋಗುತ್ತಿತ್ತು. ನೀವು ನೆಲಕ್ಕೆ ಕೆನ್ನೆ ತಾಗಿಸಿ ನನ್ನ ಮುಖವನ್ನೇ ನೋಡುತ್ತಾ ಹೇಳಿಕೊಟ್ಟಿರಿ. ಹಳೆಯದನ್ನು ಬಿಚ್ಚಿದೆ, ಜೋಡಣೆಯ ಸಂದಿಗೆ ಗ್ಯಾಸ್ಕೆಟ್ ಕೂರಿಸಿದೆ, ಹೊಸದನ್ನು ರಬ್ಬರಿಗೆ ತೂಗುಹಾಕಿ ಕ್ಲಾಂಪು ಬಿಗಿದೆ. ಇಂಜಿನ್ ಶುರು ಮಾಡಿ, ಸೋರಿಕೆ ಇದೆಯೇ ನೋಡಲು ಪೈಪಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದಾಗ ಜೋಡಣೆಯಲ್ಲಿ ಸುಸ್ಸೆಂದು ಹೊಗೆ ಸೋರಿತು. ಇನ್ನೊಮ್ಮೆ ಬಿಗಿದೆ. ಬಟ್ಟೆ ತೆಗೆದಾಗ ಎದುರುಮನೆಯ ಕಿಟಕಿಯೂ ನಡುಗಿತು. ನೀವು ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿ ಕೂತಿದ್ದಿರಿ. "ಕೇಳಿಸ್ತಿದೆ ಕಣೇ," ಅಂದಿರಿ. ನಾನು ನಗಬೇಕಿತ್ತು. ನನಗೆ ಬಂದದ್ದು ಬೇರೆಯೇ ಯೋಚನೆ. ನಿಮ್ಮ ಗಾಡಿ ನಿಮಗೆ ಕೇಳಿಸುತ್ತದೆ, ಸರಿ. ಹಿಂದೆ ಬರುವ ಲಾರಿ?

ಆಮೇಲಿನ ತಿಂಗಳುಗಳಲ್ಲಿ ನೀವು ಕೀಲಿಕೈ ಎತ್ತಿಕೊಂಡರೆ ಸಾಕು, ನಾನು ಚಪ್ಪಲಿ ಮೆಟ್ಟುತ್ತಿದ್ದೆ. ನೀವೊಬ್ಬರೇ ಹೋದ ದಿನ, ಶಾಲೆಯ ಕಿಟಕಿಯಿಂದ ಜೋರು ಸದ್ದಿನ ಕಾರು ಕೇಳಿಸಿದರೆ ಕೈಯಲ್ಲಿನ ಚಾಕ್‌ಪೀಸು ನಿಂತುಬಿಡುತ್ತಿತ್ತು. ಕೇಳಿಸದಿದ್ದರೆ ಇನ್ನೂ ಕಷ್ಟ. ಹಳೇ ಮದ್ರಾಸ್ ರಸ್ತೆಯಲ್ಲಿ ಪಕ್ಕದಲ್ಲಿ ಕೂತು, ಲಾರಿ ಬಂದರೆ ನಿಮ್ಮ ತೋಳು ಮುಟ್ಟುತ್ತಿದ್ದೆ. ನೀವು ತಿರುಗಿ ನೋಡದೆ ಎಡಕ್ಕೆ ಸರಿಯುತ್ತಿದ್ದಿರಿ. ಎಷ್ಟು ದಿನ ಹೀಗೆ ಎಂದು ನಿಮ್ಮನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಕೆ.ಆರ್. ಪುರ ಸ್ಟೇಷನ್ನಿನ ಹತ್ತಿರ ಒಂದು ಸಂಜೆ ನಾನು ಮುಟ್ಟುವುದು ತಡವಾಯಿತು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಬಂದು, ಕನ್ನಡಿ ಸವರಿಕೊಂಡು ಹೋದ. ಯಾರಿಗೂ ಏನೂ ಆಗಲಿಲ್ಲ. ನೀವು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಮುಂದಿನಿಂದ ಸುತ್ತಿಬಂದು ನನ್ನ ಬಾಗಿಲು ತೆಗೆದಿರಿ. "ಇಳಿ. ಇನ್ಮೇಲೆ ನೀನೇ ಓಡ್ಸು," ಅಂದಿರಿ. ಲೈಸೆನ್ಸ್ ಇತ್ತೇ ಹೊರತು ನಾನು ಆ ರಸ್ತೆಯಲ್ಲಿ ಓಡಿಸಿದವಳಲ್ಲ. ಮನೆಯವರೆಗೆ ನಿಮ್ಮ ಅಂಗೈ ಡ್ಯಾಶ್‌ಬೋರ್ಡಿನ ಮೇಲಿತ್ತು. ಅದರ ನಡುಕದಿಂದಲೇ ತಿಳಿದು "ಈಗ ಮೂರು, ಈಗ ನಾಲ್ಕು" ಎಂದು ಗೇರು ಹೇಳುತ್ತಿದ್ದಿರಿ. ಮತ್ತೆಂದೂ ನೀವು ಕಾರು ಓಡಿಸಲಿಲ್ಲ. ಕಿವಿಗೆ ಮಿಷಿನ್ ಮಾತ್ರ ಎಷ್ಟು ಬೇಡಿಕೊಂಡರೂ ಹಾಕಿಕೊಳ್ಳಲಿಲ್ಲ. ಹಾಕಿದರೆ ಅಮ್ಮನಿಗೆ ಗೊತ್ತಾಗುತ್ತದೆ ಎಂದು. ನೀವು ಹೋದ ಮೇಲೂ ನಾನು ಆ ಮಾತು ಬಾಯಿಬಿಡಲಿಲ್ಲ ಅಪ್ಪ.

ಹೋದ ವಾರ ಅಡುಗೆಮನೆಯಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು. ಅಮ್ಮ ಸ್ವಲ್ಪ ದಿನದಿಂದ ಏನು ಹೇಳಬೇಕಾದರೂ ನನ್ನ ಎದುರಿಗೇ ಬಂದು ನಿಂತು ಹೇಳುತ್ತಿದ್ದಳು. ನನಗೆ ರೇಗಿತು. "ಯಾಕಮ್ಮ ಹೀಗೆ ಅಡ್ಡ ನಿಂತ್ಕೋತೀಯ?" ಎಂದೆ.

"ಹಿಂದಿನಿಂದ ಹೇಳಿದ್ರೆ ನಿಂಗೆ ಕೇಳಿಸ್ತಿಲ್ಲ ಕಣೇ," ಅಂದಳು. "ನಿಮ್ಮಪ್ಪಂಗೂ ಹೀಗೇ ಎದುರಿಗೆ ಬಂದು ಹೇಳ್ತಿದ್ದೆ."

ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟೆ. "ನಿಂಗೆ ಗೊತ್ತಿತ್ತಾ?"

"ಸರ್ವಿಸಲ್ಲಿ ಇದ್ದಾಗ್ಲೇ ಗೊತ್ತಿತ್ತು. ಅವರಾಗೇ ಹೇಳ್ಲಿ ಅಂತ ಸುಮ್ನಿದ್ದೆ."

ಅವಳು ನಿಮಗಾಗಿ ಕಾದಳು, ನೀವು ಅವಳಿಗಾಗಿ ಮುಚ್ಚಿಟ್ಟಿರಿ. ಇಬ್ಬರ ನಡುವೆ ನಾನು ಇಲ್ಲದ ಗುಟ್ಟನ್ನು ಕಾಯುತ್ತಾ ಬಂದೆ.

ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಅಮ್ಮನೂ ಬರುತ್ತಾಳೆ. ಏನು ಹೇಳುತ್ತಾರೋ ಎಂಬ ಹೆದರಿಕೆ ಇದ್ದೇ ಇದೆ. ಆದರೆ ಮಿಷಿನ್ ಹಾಕಿಕೋ ಎಂದರೆ ಹಾಕಿಕೊಳ್ಳುತ್ತೇನೆ ಅಪ್ಪ, ಎಲ್ಲರಿಗೂ ಕಾಣುವ ಹಾಗೆ. ಅದರಲ್ಲಿ ಮೊದಲು ಅಮ್ಮನ ಮಾತು ಕೇಳಿಸಿಕೊಳ್ಳುತ್ತೇನೆ, ಅವಳು ನನ್ನ ಬೆನ್ನ ಹಿಂದೆ ನಿಂತು ಆಡುವುದನ್ನು.

ನಿಮ್ಮ
ಪುಟ್ಟಿ