ಅಟ್ಟಣೆಯ ಕೆಳಗೆ ಮಲಗಿದವಳು

ಒಲಿಂಬೋಸ್,
ಕಾರ್ಪಥೋಸ್ ದ್ವೀಪ

ಅಕ್ಕ ಮರೀನಾಗೆ,

ಪಿರೇಯಸ್‌ನಲ್ಲಿ ಎಲ್ಲರೂ ಸೌಖ್ಯ ಅಂದುಕೊಂಡಿದ್ದೇನೆ. ಅಮ್ಮನ ಮನೆಯನ್ನು ನೀನು ಮ್ಯೂಸಿಯಂ ಮಾಡಿದ ಮೇಲೆ ಇಲ್ಲಿ ಪ್ರವಾಸಿಗರಿಗೇನೂ ಕೊರತೆಯಿಲ್ಲ. ನೀನು ಹೇಳಿಕೊಟ್ಟ ಹಾಗೇ ದಿನಾ ಒಪ್ಪಿಸುತ್ತಿದ್ದೇನೆ: ವೆನಿಸ್‌ನವರು ಆಳಿದರು, ತುರ್ಕರು ಆಳಿದರು, ಇಟಲಿಯವರೂ ಆಳಿದರು, ಆದರೂ ನಮ್ಮೂರಲ್ಲಿ ಮನೆ, ಹೊಲ, ಆಲಿವ್ ಮರ ಎಲ್ಲ ತಾಯಿಯಿಂದ ಹಿರಿಮಗಳಿಗೇ. ಬಂದ ಹೆಂಗಸರು ಚಪ್ಪಾಳೆ ತಟ್ಟಿ, "ನಿಮ್ಮಲ್ಲಿ ಹೆಣ್ಣೇ ರಾಣಿ!" ಅಂತಾರೆ. ಎರಡನೇ ಮಗಳ ಗತಿ ಏನು ಅಂತ ಯಾರೂ ಕೇಳಲ್ಲ.

ಕಾಲಿಮ್ನೋಸ್ ದ್ವೀಪದಿಂದ ನನ್ನನ್ನು ನೋಡಲು ಗಂಡು ಬಂದಾಗ ಅಮ್ಮ ಅಂದದ್ದು ನಿನಗೆ ನೆನಪಿರಬೇಕು. "ನಿಂಗ್ಯಾಕೆ ಮದುವೆ? ಅಕ್ಕನ ಮಕ್ಕಳು ನಿನ್ನ ಮಕ್ಕಳಲ್ವೇನೇ? ನೀನು ಹೋದ್ರೆ ಅವಳ ಆಡು ಕರೆಯೋರ್ಯಾರು?" ನೀನು ಕೊರಳಿನ ಚಿನ್ನದ ನಾಣ್ಯದ ಸರ ಸರಿಮಾಡಿಕೊಳ್ಳುತ್ತಿದ್ದೆ.

ನಿನ್ನೆ ಒಬ್ಬ ಪುಟ್ಟ ಹುಡುಗಿ ನಮ್ಮ ಮರದ ಅಟ್ಟಣೆ ನೋಡಿ ಕೇಳಿದಳು, "ಮನೆಯವರೆಲ್ಲ ಮೇಲೆ ಮಲಗ್ತಿದ್ರು, ಸರಿ. ಕೆಳಗೆ ಈ ನೆಲದ ಮೇಲೆ ಯಾರು?" ನಾನು ಬಾಯಿ ತೆರೆಯುವ ಮೊದಲೇ ಅವಳಮ್ಮ ನೀನು ಹಾಕಿಸಿದ ಫಲಕ ಓದಿ ಹೇಳಿದಳು: "ಮನೆಕೆಲಸದವಳು."

ನಮ್ಮ ಮನೇಲಿ ಯಾವತ್ತು ಕೆಲಸದವಳಿದ್ದಳು, ಅಕ್ಕ? ಅಲ್ಲಿ ಮಲಗುತ್ತಿದ್ದವಳು ನಾನು.

ಬೀಗದಕೈಯನ್ನು ಕಾಫಿ ಅಂಗಡಿಯ ಮಿನಾಸ್ ಹತ್ತಿರ ಕೊಟ್ಟಿದ್ದೇನೆ. ನಾಳೆಯಿಂದ ಬೇರೆ ಯಾರನ್ನಾದರೂ ನೋಡಿಕೋ. ಫಲಕ ಮಾತ್ರ ತಿದ್ದಿಸಬೇಡ. ನೀನು ಬರೆಸಿದ್ದರಲ್ಲಿ ಅದೊಂದೇ ಸಾಲು ನಿಜ.

ನಿನ್ನ ತಂಗಿ,
ರಿಗೋಪೂಲಾ