ನಮ್ಮ ಗೇಟಿನವರೆಗೆ ಬಂದ ಬಸ್ಸು

ತೆಲ್ಲಾಪುರ, ಹೈದರಾಬಾದು
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಕಮಲಾಕ್ಷಿ,

ಹೇಗಿದ್ದೀ? ನಿಮ್ಮ ಅಕ್ಕನ ಮೊಣಕಾಲು ಹೇಗಿದೆ? ಆಪರೇಷನ್ ಆದ ಮೇಲೆ ಈಗ ಕೋಲಿಲ್ಲದೆ ಹಿತ್ತಲಿನವರೆಗೆ ನಡೆಯುತ್ತಾರೆಂದು ಶಾಂಭವಿ ಹೇಳಿದಳು, ಸಮಾಧಾನವಾಯಿತು. ಅವರ ಆರೈಕೆಯ ಭರದಲ್ಲಿ ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ರಾಯಚೂರಿನಲ್ಲಿ ಆಗಲೇ ಬಿಸಿಲು ಚುರುಗುಟ್ಟುತ್ತಿರಬೇಕು. ಇಲ್ಲಿ ಮಗ ಅರವಿಂದ, ಸೊಸೆ ಶಾಂಭವಿ ಇಬ್ಬರೂ ಚೆನ್ನಾಗಿದ್ದಾರೆ. ಲಹರಿಗೆ ಮುಂದಿನ ಎರಡು ಹಲ್ಲು ಬಿದ್ದು, "ಅಜ್ಜಿ" ಅನ್ನುವಾಗಲೆಲ್ಲ ಸೀಟಿ ಊದಿದ ಹಾಗೆ ಕೇಳಿಸುತ್ತದೆ. ದಿನಾ ಫೋನಿನಲ್ಲಿ ಮಾತಾಡುವಾಗ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನೀನು "ಊಟ ಆತೇನ್ರಿ" ಅನ್ನುತ್ತೀ, ನಾನು "ಆತು" ಅನ್ನುತ್ತೇನೆ, ಅಷ್ಟರಲ್ಲಿ ಮೊಮ್ಮಗಳು ಫೋನು ಕಸಿದುಕೊಳ್ಳುತ್ತಾಳೆ. ನಾನು ಹೇಳಬೇಕಾದದ್ದು ಸ್ವಲ್ಪ ಉದ್ದ ಇದೆ.

ನೀನು ಹೋಗಿ ಎರಡೂವರೆ ತಿಂಗಳಾಯಿತು. ಈಗ ಬಂದರೆ ನಿನಗೆ ದಾರಿ ಗೊತ್ತಾಗುವುದಿಲ್ಲ. ಎದುರಿನ ಕಟ್ಟಡ ನೀನಿದ್ದಾಗ ಹನ್ನೊಂದನೆಯ ಮಹಡಿಯಲ್ಲಿತ್ತು, ಈಗ ಹತ್ತೊಂಬತ್ತಕ್ಕೆ ಏರಿದೆ. ಅದರ ಪಕ್ಕದ ದೊಡ್ಡ ಬಂಡೆಯನ್ನು ದಿನಾ ಸಂಜೆ ನಾಲ್ಕಕ್ಕೆ ಸೈರನ್ ಕೂಗಿಸಿ ಸಿಡಿಸಿ ಸಿಡಿಸಿ ಮುಗಿಸಿದರು. ಆ ಸದ್ದಿಗೆ ಸರಿಯಾಗಿ ಚಹಾ ಕುಡಿಯುವುದು ನನಗೆ ರೂಢಿಯಾಗಿತ್ತು, ಈಗ ಗಡಿಯಾರ ನೋಡಬೇಕು. ಕುರುಚಲು ಕಾಡು ಹೋದದ್ದರಿಂದ ಒಂದು ನವಿಲು ನಮ್ಮ ನಾಲ್ಕನೆಯ ಮಹಡಿಯ ಬಾಲ್ಕನಿಗೇ ಬಂದು ಒಣಹಾಕಿದ ಬಟ್ಟೆಗಳ ನಡುವೆ ಕೂತಿತ್ತು. ಶಾಂಭವಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಒಳಗೇ ಇದ್ದಳು. ಆರು ಲೇನಿನ ಹೊಸ ರಸ್ತೆಯಲ್ಲಿ ಹಳೆಯ ಊರಿನವರ ಎಮ್ಮೆಗಳು ಮೊದಲಿನ ಹೊತ್ತಿಗೇ ಮೊದಲಿನ ದಾರಿಯಲ್ಲೇ ದಾಟುತ್ತವೆ, ದೊಡ್ಡ ದೊಡ್ಡ ಕಾರುಗಳು ಕಾಯುತ್ತವೆ. ಕೆಳಗಿನ ಅಂಗಡಿ ಸಾಲಿನಲ್ಲಿ ನಾಯಿಗಳ ಹುಟ್ಟುಹಬ್ಬಕ್ಕೆ ಕೇಕು ಮಾರುವ ಅಂಗಡಿ ಬಂದಿದೆ. ಆದರೆ ನನ್ನ ಅಂಗಿಗೆ ಒಂದು ಗುಂಡಿ ಬೇಕೆಂದರೆ ಸುತ್ತ ಮೂರು ಕಿಲೋಮೀಟರಿನಲ್ಲಿ ಸಿಗಲಿಲ್ಲ.

ನೀನು ಹೊರಡುವ ಹಿಂದಿನ ದಿನ ಸೀರೆ ಮಡಿಸುತ್ತ ಅಂದದ್ದು ನನಗೆ ನೆನಪಿದೆ. "ಇಲ್ಲಿ ಹೊರಗ ಹೋಗಬೇಕಂದ್ರ ಯಾರನ್ನರೆ ಕೇಳಬೇಕ್ರಿ. ಅರವತ್ತೆರಡು ವರ್ಷಕ್ಕ ನಾ ತಿರುಗಿ ಸಣ್ಣ ಹುಡುಗಿ ಆದಂಗಾತು." ತಾರ್ನಾಕದ ನಮ್ಮ ಹಳೆಯ ಮನೆಯಿಂದ ಸನತ್‌ನಗರದ ಶಾಲೆಗೆ ಇಪ್ಪತ್ತಾರು ವರ್ಷ ಎರಡು ಬಸ್ಸು ಬದಲಿಸಿ ಹೋಗಿ ಗಣಿತ ಕಲಿಸಿ ಬಂದವಳು ನೀನು. ಈ ಹೊಸ ಮನೆಗೆ ಬಂದ ಮೇಲೆ ಎಂಟು ತಿಂಗಳು ಅರವಿಂದನ ಕಾರು, ಇಲ್ಲವೆಂದರೆ ಶಾಂಭವಿಯ ಫೋನಿನಿಂದ ಕರೆಸಿದ ಆಟೊ. ಅಕ್ಕನಿಗೆ ಆಪರೇಷನ್ ಎಂದಾಗ ನೀನು ಎಷ್ಟು ಬೇಗ ಚೀಲ ಕಟ್ಟಿದೆ ಎಂಬುದನ್ನು ನಾನು ಗಮನಿಸಿದ್ದೆ. ವಾಪಸು ಬರುವ ದಿನ ಕೇಳಿದರೆ "ನೋಡೋಣ" ಅನ್ನುತ್ತೀ. ಆ ಮಾತು ನನ್ನ ನಿದ್ದೆ ಕೆಡಿಸಿದೆ.

ಡಿಸೆಂಬರಿನ ಮೊದಲ ವಾರ, ಬೆಳಗಿನ ನಡಿಗೆಗೆ ಹೋಗಿ ಮುಖ್ಯರಸ್ತೆಯವರೆಗೂ ಹೋಗಿಬಿಟ್ಟೆ. ಅಲ್ಲಿ ಐದಾರು ಹೆಂಗಸರು ಲಾರಿಗಳ ಧೂಳಿಗೆ ಸೆರಗು ಮುಚ್ಚಿಕೊಂಡು ಕನ್ನಡದಲ್ಲಿ ಜಗಳವಾಡುತ್ತಿದ್ದರು. ನನ್ನ ಕಾಲು ತಾನಾಗಿ ನಿಂತಿತು. ಎದುರಿನ ಕಟ್ಟಡದಲ್ಲಿ ಕೆಲಸ ಮಾಡುವವರು, ಯಾದಗಿರಿಯ ಕಡೆಯವರು, ನಮ್ಮ ಕಾಂಪೌಂಡಿನ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಅವರಲ್ಲಿ ಹಿರಿಯಳು ಗುಂಡಮ್ಮ. "ಎಲ್ಲಿಗವ್ವಾ" ಎಂದು ಕೇಳಿದ್ದಕ್ಕೆ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ನಮ್ಮ ಕಡಿಯವರೇನ್ರಿ? ಸೊಸೀಗಿ ಏಳು ತಿಂಗಳ್ರಿ, ಲಿಂಗಂಪಲ್ಲಿ ದವಾಖಾನಿಗೆ ಹೊಂಟೀವಿ. ಮೂರು ಕಿಲೋಮೀಟರ್ ನಡಕೋತ ಬಂದೀವಿ, ಇಲ್ಲಿ ಬಸ್ಸು ನಿಂತರ ನಿಂತಿತು, ಇಲ್ಲಂದ್ರ ಇಲ್ಲ." ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವಳ ಸೊಸೆ ಉಮಾಶ್ರೀ ನಿಂತಿದ್ದಳು. ನಿನ್ನ ಮಾತು, ಗುಂಡಮ್ಮನ ಮಾತು ಎರಡೂ ಒಂದೇ ಅನ್ನಿಸಿತು ನನಗೆ. ಮನೆಗೆ ಬಂದವನೇ ಅರ್ಜಿ ಬರೆಯಲು ಕುಳಿತೆ.

ಬಸ್ ಡಿಪೊದ ಅಧಿಕಾರಿ ಒಳ್ಳೆಯ ಮನುಷ್ಯ, ಆದರೆ ಅವರ ಪಟ್ಟಿಯಲ್ಲಿ ನಮ್ಮ ರಸ್ತೆಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಅಲ್ಲಿ ಜೋಳದ ಹೊಲವಿತ್ತಂತೆ. ಎರಡನೆಯ ಸಲ ಹೋದಾಗ, "ನಿಮ್ಮ ಕಡೆ ಎಲ್ಲರಿಗೂ ಕಾರಿದೆಯಲ್ಲ ಸಾರ್" ಎಂದು ತೆಲುಗಿನಲ್ಲಿ ನಯವಾಗಿ ಸಾಗಹಾಕಿದರು. ಮೂರನೆಯ ಸಲ ಗುಂಡಮ್ಮ ಒಂದು ದಿನದ ಕೂಲಿ ಬಿಟ್ಟು ಎಂಟು ಜನ ಹೆಂಗಸರನ್ನು ಕರೆದುಕೊಂಡು ನನ್ನ ಜೊತೆ ಬಂದಳು. ನಾನು ನಮ್ಮ ಅಪಾರ್ಟ್‌ಮೆಂಟಿನವರ ಇನ್ನೂರ ಹನ್ನೆರಡು ಸಹಿ ತೋರಿಸಿ ಮಾತು ಶುರು ಮಾಡುವಷ್ಟರಲ್ಲಿ ಅವಳು ಮೇಜಿನ ಹತ್ತಿರ ಹೋಗಿ ನಿಂತಳು. "ಹೆಣ್ಮಕ್ಕಳಿಗೆ ಟಿಕೆಟ್ ಮುಫ್ತ್ ಮಾಡೀರಿ, ಭಾಳ್ ಅಚ್ಛಾ ಸಾಬ್. ಬಸ್ ಕಿಧರ್ ಹೈ?" ಬಸ್ಸೆಲ್ಲಿ ಎಂಬ ಆ ಪ್ರಶ್ನೆಗೆ ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. ಮರುದಿನ ತಾವೇ ಬೈಕಿನಲ್ಲಿ ಬಂದು ರಸ್ತೆಯ ಅಗಲ ನೋಡಿ, ನಮ್ಮ ಗೇಟಿನ ಎದುರು ಬಸ್ಸು ತಿರುಗುತ್ತದೆಯೇ ಎಂದು ಹೆಜ್ಜೆ ಹಾಕಿ ಅಳೆದು, ಹದಿನೈದು ದಿನ ಓಡಿಸಿ ನೋಡೋಣ, ಜನ ಹತ್ತದಿದ್ದರೆ ನಿಲ್ಲಿಸುತ್ತೇವೆ ಎಂದರು.

ಸಂಕ್ರಾಂತಿ ಮುಗಿದ ಸೋಮವಾರ ಮೊದಲ ಬಸ್ಸು ಬರಬೇಕಿತ್ತು. ಅವತ್ತು ಬೆಳಿಗ್ಗೆ ನೋಡಿದರೆ ಯಾರೋ ನೀರಿನ ಪೈಪಿಗೆಂದು ರಸ್ತೆಗೆ ಅಡ್ಡಲಾಗಿ ಅಗೆದು ಹೋಗಿದ್ದಾರೆ. ಬಸ್ಸು ದೂರದಲ್ಲಿ ನಿಂತು, ಎರಡು ಸಲ ಹಾರ್ನ್ ಮಾಡಿ, ಹಿಂದಕ್ಕೆ ಸರಿದು ಹೋಯಿತು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಂಕಾಗಿ ನಿಂತಿದ್ದೆ. ಗುಂಡಮ್ಮನ ಗಂಡ ಮೌನಪ್ಪ ರಸ್ತೆಯ ಗುಂಡಿಯನ್ನು ಒಮ್ಮೆ ನೋಡಿ, "ಇಷ್ಟಕ್ಕ ಯಾಕ್ ಚಿಂತಿ ಮಾಡ್ತೀರಿ ಸಾಹೇಬ್ರ" ಎಂದ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹದಿನೈದು ಜನ ಸೇರಿ, ಮೇಸ್ತ್ರಿಯನ್ನು ಒಪ್ಪಿಸಿ, ಸೈಟಿನಿಂದ ದಪ್ಪ ಕಬ್ಬಿಣದ ಹಲಗೆಗಳನ್ನು ಹೊತ್ತು ತಂದು ಗುಂಡಿಯ ಮೇಲೆ ಹಾಸಿದರು. ನಾನೂ ಒಂದು ಮೂಲೆ ಹಿಡಿದೆ, ಅರವಿಂದನಿಗೆ ಹೇಳಬೇಡ. ಎರಡು ಗಂಟೆಯ ಬಸ್ಸು ಅದರ ಮೇಲೆ ಢಣಢಣ ಸದ್ದು ಮಾಡುತ್ತ ಬಂದು ಗೇಟಿನ ಮುಂದೆ ನಿಂತಾಗ ಉಮಾಶ್ರೀ ಮೊದಲು ಹತ್ತಿದಳು.

ಆಮೇಲಿನ ಚಿಂತೆ ಬೇರೆ. ಸಹಿ ಹಾಕಿದ ಇನ್ನೂರ ಹನ್ನೆರಡು ಮಂದಿಯಲ್ಲಿ ಮೊದಲ ನಾಲ್ಕು ದಿನ ಹತ್ತಿದವನು ನಾನೊಬ್ಬನೇ. ಶೆಡ್ಡಿನ ಹೆಂಗಸರು, ಮನೆಗೆಲಸಕ್ಕೆ ಬರುವವರು, ಸೆಕ್ಯುರಿಟಿಯವರು ಇಲ್ಲದಿದ್ದರೆ ಬಸ್ಸು ಖಾಲಿ. "ಸಾರ್, ಮೀರು ರೋಜೂ ಎಕ್ಕಡಿಕಿ?" ಎಂದು ಕಂಡಕ್ಟರ್ ಹೆಣ್ಣುಮಗಳು ಕೇಳಿದರೆ, ದಿನಾ ಎಲ್ಲಿಗೂ ಇಲ್ಲಮ್ಮ, ಹೋಗಿ ಬರುವುದೇ ಕೆಲಸ ಎಂದೆ. ಐದನೆಯ ದಿನ ಶಾಂಭವಿ ಆಫೀಸಿಗೆ ಹೊರಟವಳು, ನಾನು ಒಬ್ಬನೇ ಬಸ್ಸು ನಿಲ್ಲುವ ಕಂಬದ ಬಳಿ ನಿಂತದ್ದು ನೋಡಿ, ಕಾರನ್ನು ವಾಪಸು ಒಳಗೆ ಬಿಟ್ಟು ಬಂದು ನನ್ನ ಪಕ್ಕ ನಿಂತಳು. ಅವಳನ್ನು ನೋಡಿ ಪಕ್ಕದ ಬ್ಲಾಕಿನ ಇಬ್ಬರು, ಅವರನ್ನು ನೋಡಿ ಕಾಲೇಜಿಗೆ ಹೋಗುವವರು. ಹದಿನಾಲ್ಕನೆಯ ದಿನ ನನಗೆ ಕೂರಲು ಸೀಟು ಸಿಗಲಿಲ್ಲ. ನಿಂತು ಪ್ರಯಾಣ ಮಾಡಿ ಇಷ್ಟು ಸಂತೋಷಪಟ್ಟವನು ಇನ್ನೊಬ್ಬ ಇರಲಾರ. ಕಳೆದ ಸೋಮವಾರದಿಂದ ಬಸ್ಸು ಕಾಯಂ ಆಗಿದೆ, ದಿನಕ್ಕೆ ಆರು ಸಲ. ಉಮಾಶ್ರೀಗೆ ಬುಧವಾರ ಹೆಣ್ಣುಮಗು ಹುಟ್ಟಿತು, ಮೂರು ಕಿಲೋ ಇದೆ.

ನಿನ್ನೆ ನಾನು, ಲಹರಿ, ಗುಂಡಮ್ಮ ಬಸ್ಸಿನಲ್ಲಿ ಲಿಂಗಂಪಲ್ಲಿಗೆ, ಅಲ್ಲಿಂದ ರೈಲಿನಲ್ಲಿ ನಾಂಪಲ್ಲಿಗೆ, ನುಮಾಯಿಷ್ ವಸ್ತುಪ್ರದರ್ಶನ ನೋಡಲು ಹೋಗಿದ್ದೆವು. ಗುಂಡಮ್ಮ ಹೈದರಾಬಾದಿಗೆ ಬಂದು ಒಂಬತ್ತು ವರ್ಷವಾದರೂ ಅದನ್ನು ನೋಡಿರಲಿಲ್ಲ. ಹೊಸದಾಗಿ ಹುಟ್ಟಿದ ಮೊಮ್ಮಗಳಿಗೆಂದು ಒಂದು ಗಿಲಕಿ ಆರಿಸಲು ಮುಕ್ಕಾಲು ಗಂಟೆ ತೆಗೆದುಕೊಂಡಳು. ಈ ತಿಂಗಳ ಮಧ್ಯದವರೆಗೂ ನುಮಾಯಿಷ್ ನಡೆಯುತ್ತದೆ.

ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಮನೆಯ ಮಕ್ಕಳಿಗೆ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಂಡು ಸುಖವಾಗಿರು.

ನಿನ್ನ,
ಸುಬ್ಬರಾಯ

ಮರೆತ ಮಾತು: ಬಸ್ಸು ಬರಲು ಐದೇ ನಿಮಿಷ ಇದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ರೈಲಿನಲ್ಲಿ ಗುಂಡಮ್ಮ, "ಈ ಮನಿ ತಗೊಳ್ಳುವಾಗ ಅಮ್ಮಾರನ್ನ ಕೇಳಿದ್ರೇನ್ರಿ?" ಎಂದಳು. ಇಲ್ಲ ಎಂದೆ. ನಾನೂ ಅರವಿಂದನೂ ಬುಕ್ ಮಾಡಿ ಬಂದು ನಿನಗೆ ಪೇಡೆ ಕೊಟ್ಟೆವು, ಅಷ್ಟೇ. ಅದು ನನ್ನ ತಪ್ಪು, ಕಮಲಾ. ಈಗ ಕೇಳುತ್ತಿದ್ದೇನೆ. ಬಂದು ಒಂದು ತಿಂಗಳು ಇದ್ದು ನೋಡು, ಒಬ್ಬಳೇ ಓಡಾಡಿ ನೋಡು. ಆಮೇಲೂ ಬೇಡ ಅನ್ನಿಸಿದರೆ ನಾವಿಬ್ಬರೂ ತಾರ್ನಾಕದಲ್ಲಿ ಬಾಡಿಗೆ ಮನೆ ಹಿಡಿಯೋಣ. ಅರವಿಂದನಿಗೆ ನಾನೇ ಹೇಳುತ್ತೇನೆ. ಇರುವುದೋ ಹೋಗುವುದೋ ಈ ಸಲ ನೀನು ಹೇಳು.